ಅಕ್ಕನ ಮಗಳ ಹದಿನಾರು ದೀಪ

ನನ್ನ ಅಕ್ಕನ ಮಗಳಿಗೆ ಎಣಿಕೆ ಕಲಿಸಿದವನು ನಾನು. ಆಗ ಅವಳಿಗೆ ಮೂರು ವರ್ಷ. ನಾನು ಕೆಲಸ ಮುಗಿಸಿ ಅಕ್ಕನ ಮನೆಗೆ ಹೋದರೆ ಸಾಕು, ಕೈಗೆ ಮೆತ್ತಿದ ಗ್ರೀಸು ತೊಳೆಯುವುದಕ್ಕೂ ಬಿಡದೆ ತೊಡೆ ಹತ್ತಿ ಕೂತು, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚುತ್ತಾ ಹತ್ತರವರೆಗೆ ಬರುತ್ತಿದ್ದಳು. ಅವಳ ಅಪ್ಪ, ಅಂದರೆ ನನ್ನ ಭಾವ, ಬಾಗಿಲಿಗೆ ಒರಗಿ ನಿಂತು ರೇಗಿಸುತ್ತಿದ್ದರು: "ಲೇತ್ ಕೆಲಸದವನ ಕೈ ನೋಡ್ಕೊಂಡು ಎಣಿಕೆ ಕಲಿತ್ರೆ ಮಗು ಎಂಟಕ್ಕೇ ನಿಲ್ಲಿಸಿಬಿಡುತ್ತೆ ಕಣಯ್ಯ."

ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಕಸುಬಿನಲ್ಲಿ ಒಂಬತ್ತು ಬೆರಳಿನವರು, ಎಂಟೂವರೆ ಬೆರಳಿನವರು ಬೇಕಾದಷ್ಟು ಜನ ಸಿಗುತ್ತಾರೆ. ಲೇತ್ ಎಂದರೆ ಲೋಹದ ಸರಳನ್ನು ಗಿರಗಿರ ತಿರುಗಿಸಿ ಉಳಿ ಕೊಟ್ಟು ಕೆತ್ತುವ ಯಂತ್ರ. ಸರಳನ್ನು ಕಚ್ಚಿ ಹಿಡಿಯುವ ದಪ್ಪ ಬಿಲ್ಲೆಗೆ ಚಕ್ ಎನ್ನುತ್ತೇವೆ. ಅದಕ್ಕೆ ಮೂರು ದವಡೆ. ತಿರುಗುವಾಗ ಅದರ ಹತ್ತಿರ ಕೈ ಒಯ್ಯಬಾರದು ಎನ್ನುವುದು ಮೊದಲನೆಯ ದಿನದ ಪಾಠ, ಕೊನೆಯ ದಿನದ ಪಾಠವೂ ಅದೇ. ನಲವತ್ತು ವರ್ಷ ಲೇತಿನ ಮುಂದೆ ನಿಂತ ಮೇಲೂ ನನ್ನ ಹತ್ತು ಬೆರಳು ಹಾಗೇ ಇವೆ. ಅದು ನನ್ನ ಜಾಣತನ ಎಂದು ಮೊದಲೆಲ್ಲ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಈಗ ಕೊಚ್ಚಿಕೊಳ್ಳುವುದಿಲ್ಲ.

ಅಕ್ಕನ ಮಗಳನ್ನು ನಾವೆಲ್ಲ ಕಿಡಿ ಎಂದು ಕರೆಯುತ್ತೇವೆ. ಏಳನೇ ವಯಸ್ಸಿನಲ್ಲಿ ಅಮ್ಮನ ಹೇರ್‌ಪಿನ್ನನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿ ಇಡೀ ಓಣಿಯ ಕರೆಂಟು ಹಾರಿಸಿದ್ದಳು. ಮಗಳು ಬದುಕಿದ್ದಾಳೆ ಎಂದು ಗೊತ್ತಾದ ಮೇಲೆ ಅಕ್ಕ ಬೆನ್ನಿಗೆ ಎರಡು ಕೊಟ್ಟಳು. ಭಾವ ಮಾತ್ರ ಸುಟ್ಟ ಪ್ಲಗ್ಗನ್ನು ಬಿಚ್ಚಿ ಮಗಳ ಮುಂದಿಟ್ಟು, "ಒಳಗೆ ಏನಿದೆ ಅಂತ ನೋಡ್ಬೇಕಿತ್ತು ತಾನೆ? ನೋಡು" ಎಂದರು. ಅವರು ವೈರಿಂಗ್ ಕೆಲಸದವರು. ಅಪರೂಪಕ್ಕೊಮ್ಮೆ ರೇಗಿಸುವುದು ಬಿಟ್ಟರೆ ಮಾತು ಬಹಳ ಕಡಿಮೆ. ಗಂಟೆ ಎಷ್ಟು ಎಂದು ಕೇಳಿದರೆ ಗಡಿಯಾರದ ಕಡೆ ಬೆರಳು ತೋರಿಸುವ ಜಾತಿ. ಅವತ್ತು ಆಡಿದ ಮಾತು ಅವರ ಲೆಕ್ಕದಲ್ಲಿ ದೊಡ್ಡ ಭಾಷಣ.

ಡಿಪ್ಲೊಮಾ ಮುಗಿಸಿದ ಕಿಡಿ ಲಿಫ್ಟಿನ ಎಲೆಕ್ಟ್ರಾನಿಕ್ ಬೋರ್ಡು ರಿಪೇರಿ ಮಾಡುವ ಅಂಗಡಿಗೆ ಸೇರಿ, ಹದಿನೆಂಟು ವರ್ಷ ಅಲ್ಲೇ ಕಳೆದಳು. ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡು ಜನರ ಬೆವರಿಳಿಸಿದ ಲಿಫ್ಟುಗಳ ಹಸಿರು ಬೋರ್ಡುಗಳು ಸುಟ್ಟ ವಾಸನೆ ಹೊತ್ತು ಅವಳ ಮೇಜಿಗೆ ಬರುತ್ತಿದ್ದವು. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಬೆಸುಗೆ ಹಾಕುವ ಕಾದ ಸಾಲ್ಡರ್ ಕಡ್ಡಿ ಹಿಡಿದು ಕೂತರೆ ಅವಳಿಗೆ ಲೋಕ ಬೇಡ. "ಬೋರ್ಡ್ ಸುಳ್ಳು ಹೇಳಲ್ಲ ಮಾವ. ಎಲ್ಲಿ ನೋವು ಅಂತ ಕರಿ ಮಾಡಿ ತೋರಿಸುತ್ತೆ. ಮನುಷ್ಯರದ್ದೇ ಕಷ್ಟ" ಎನ್ನುತ್ತಿದ್ದಳು. ಈ ಮಾತು ಮುಂದೊಂದು ದಿನ ನನಗೇ ತಿರುಗಿ ಬಡಿಯುತ್ತದೆ ಎಂದು ನನಗೇನು ಗೊತ್ತು?

ನಲವತ್ತೊಂದನೇ ವರ್ಷಕ್ಕೆ ಅವಳ ತಲೆಗೆ ಹುಳು ಹೊಕ್ಕಿತು. ಇಷ್ಟು ವರ್ಷ ಬೇರೆಯವರು ಮಾಡಿದ ಬೋರ್ಡುಗಳ ಗಾಯ ಹೊಲಿದದ್ದಾಯಿತು, ಇನ್ನು ತನ್ನದೇ ಒಂದು ಬೋರ್ಡು ಮಾಡಬೇಕು. ಎಂಥದ್ದು? ಹದಿನಾರು ಎಲ್‌ಇಡಿ ದೀಪಗಳನ್ನು ಬೇರೆ ಬೇರೆಯಾಗಿ ಆಳುವ ಬೋರ್ಡು. ಕಂಪ್ಯೂಟರಿನ ನೆಟ್‌ವರ್ಕ್ ವೈರು ಚುಚ್ಚಿದರೆ ಸಾಕು, ಎಲ್ಲಿ ಕೂತಿದ್ದರೂ ಫೋನಿನಲ್ಲಿ ಒಂದೊಂದು ದೀಪವನ್ನೂ ಹೊತ್ತಿಸಬಹುದು, ಆರಿಸಬಹುದು, ಬೇಕಾದಷ್ಟು ಮಂದ ಮಾಡಬಹುದು. ಕಾರ್ಖಾನೆ, ಗೋದಾಮು, ಶಾಲೆ ಎಲ್ಲರಿಗೂ ಬೇಕಾಗುತ್ತದೆ ಎಂದಳು.

ಅವಳ ಗಂಡ ಅಂಚೆ ಹಂಚುವವನು, ಒಳ್ಳೆಯ ಮನುಷ್ಯ. ಊಟದ ಮೇಜು ಅಂದಿನಿಂದ ಅವನ ಪಾಲಿಗೆ ಇಲ್ಲವಾಯಿತು. "ಮಾವ, ನಮ್ಮನೇಲೀಗ ಊಟ ಸ್ಟೂಲಿನ ಮೇಲೆ, ಬೋರ್ಡ್ ಮೇಜಿನ ಮೇಲೆ. ಅದೃಷ್ಟ ಮಾಡಿ ಹುಟ್ಟಿದ್ದು ಅದೇ" ಎಂದು ನಗುತ್ತಿದ್ದ. ಅವಳು ಬೆಳಗಿನ ಐದಕ್ಕೆ ಎದ್ದು, ಮನೆ ಏಳುವ ಮೊದಲು ಎರಡು ಗಂಟೆ ಪರದೆಯ ಮೇಲೆ ದಾರಿ ಎಳೆಯುತ್ತಿದ್ದಳು. ಕರೆಂಟು ಹೋಗುವ ದಾರಿ. ಒಂದಕ್ಕೊಂದು ತಾಕಬಾರದು, ಅಡ್ಡ ಬಂದರೆ ಬೋರ್ಡಿನ ಹಿಂಬದಿಗೆ ಇಳಿದು ದಾಟಿ ಮತ್ತೆ ಮೇಲೆ ಬರಬೇಕು. ನನಗೆ ತೋರಿಸಿದಾಗ ಇರುವೆ ಸಾಲಿನ ಹಾಗೆ ಕಂಡಿತು. ಹಾಗೆಂದು ಹೇಳಿ ಬೈಸಿಕೊಂಡೆ.

ಮೊದಲನೆಯ ಬೋರ್ಡು ತಯಾರಾಗಿ ಬಂದ ದಿನ ಪೆಟ್ಟಿಗೆ ಬಿಚ್ಚಿದವಳು ಹಣೆ ಚಚ್ಚಿಕೊಂಡಳು. ನೆಟ್‌ವರ್ಕ್ ವೈರು ಚುಚ್ಚುವ ಕಿಂಡಿಯ ತೂತುಗಳನ್ನು ಕನ್ನಡಿಯಲ್ಲಿ ನೋಡಿದ ಹಾಗೆ ಎಡಬಲ ಮಾಡಿ ಬರೆದಿದ್ದಳು. ಕಿಂಡಿಯನ್ನು ಬೋರ್ಡಿನ ಹೊಟ್ಟೆಗೆ ತಲೆಕೆಳಗಾಗಿ ಕೂರಿಸಿದರೆ ಮಾತ್ರ ಕೆಲಸ. ಅದನ್ನು ಹಾಗೇ ಕೂರಿಸಿ, ಬೋರ್ಡನ್ನು ಎರಡು ಬೆಂಕಿಪೊಟ್ಟಣದ ಮೇಲೆ ನಿಲ್ಲಿಸಿ ಮುಂದಿನ ಪರೀಕ್ಷೆ ಮಾಡಿದಳು. ಎರಡನೆಯ ಬೋರ್ಡಿನಲ್ಲಿ ಕಿಂಡಿ ನೆಟ್ಟಗಿತ್ತು, ಆದರೆ ದೀಪ ಮಂದ ಮಾಡಿದಾಗಲೆಲ್ಲ ನೆಟ್‌ವರ್ಕ್ ಕಡಿದುಹೋಗುತ್ತಿತ್ತು.

ಇಲ್ಲೊಂದು ಸಂಗತಿ ಹೇಳಲೇಬೇಕು, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಎಲ್‌ಇಡಿ ದೀಪ ಮಂದ ಮಾಡುವುದೆಂದರೆ ಸೀಮೆಎಣ್ಣೆ ಲಾಟೀನಿನ ಬತ್ತಿ ಇಳಿಸಿದ ಹಾಗಲ್ಲವಂತೆ. ಅವಳ ಬೋರ್ಡು ದೀಪವನ್ನು ಸೆಕೆಂಡಿಗೆ ಸಾವಿರಾರು ಸಲ ಆರಿಸಿ ಹೊತ್ತಿಸುತ್ತದೆ. ಆರಿರುವ ಹೊತ್ತು ಜಾಸ್ತಿಯಾದರೆ ಕಣ್ಣಿಗೆ ಮಂದವಾಗಿ ಕಾಣುತ್ತದೆ. ಪೂರ್ತಿ ಬೆಳಕು ಬೇಕೆಂದರೆ ಆರಿಸುವುದೇ ಇಲ್ಲ. ಈ ಆರಿಸಿ ಹೊತ್ತಿಸುವ ಗಲಾಟೆ ಪಕ್ಕದಲ್ಲಿದ್ದ ನೆಟ್‌ವರ್ಕ್ ಭಾಗಗಳ ಕಿವಿ ಕಿವುಡು ಮಾಡುತ್ತಿತ್ತು. ತಿಂಗಳುಗಟ್ಟಲೆ ತಲೆ ಕೆರೆದುಕೊಂಡು, ಕೊನೆಗೆ ಮೂರನೆಯ ಬೋರ್ಡಿನಲ್ಲಿ ವೇಗವನ್ನೇ ಸೆಕೆಂಡಿಗೆ ನೂರಕ್ಕೆ ಇಳಿಸಿದಳು. ಗಲಾಟೆ ನಿಂತಿತು, ಭಾಗಗಳು ಬಿಸಿಯಾಗುವುದೂ ತಪ್ಪಿತು. ನೂರು ಸಲ ಮಿಟುಕಿದರೂ ಕಣ್ಣಿಗೆ ಗೊತ್ತಾಗುವುದಿಲ್ಲ. ವಾರಪೂರ್ತಿ ಊಟದ ಮೇಜಿನ ಮೇಲೆ ಉರಿಸಿ ನೋಡಿದಳು, ಏನೂ ತೊಂದರೆ ಬರಲಿಲ್ಲ. ಊಟದ ಮೇಜಿನ ಮೇಲೆ ತಿರುಗುವ ವಸ್ತು ಒಂದೂ ಇರಲಿಲ್ಲ.

ಬೋರ್ಡು ಮೊದಲು ನನ್ನ ವರ್ಕ್‌ಶಾಪಿಗೇ ಬರಬೇಕೆಂದು ನಾನು ಹಟ ಹಿಡಿದೆ. ನನ್ನದು ಐದು ಲೇತಿನ ಸಣ್ಣ ಶೆಡ್ಡು. ಅದರ ವೈರಿಂಗನ್ನು ಇಪ್ಪತ್ತೆಂಟು ವರ್ಷದ ಹಿಂದೆ ಭಾವನೇ ಮಾಡಿಕೊಟ್ಟಿದ್ದರು. ಒಂದೊಂದು ಲೇತಿನ ಮೇಲೂ ಮೂರು ಟ್ಯೂಬ್‌ಲೈಟು. ನಮ್ಮ ಶೆಡ್ಡಿಗೆ ಬರುವುದು ತ್ರೀ ಫೇಸ್ ಕರೆಂಟು, ಅಂದರೆ ಮೂರು ಬೇರೆ ತಂತಿಗಳಲ್ಲಿ ಬರುವಂಥದ್ದು. ಭಾವ ಪ್ರತಿ ಲೇತಿನ ಮೂರು ಟ್ಯೂಬನ್ನೂ ಮೂರು ಬೇರೆ ತಂತಿಗೆ ಕಟ್ಟಿದ್ದರು. ಒಂದೇ ತಂತಿಯಿಂದ ಎಳೆದರೆ ಆಗುವ ಕೆಲಸಕ್ಕೆ ಮೂರು ಪಟ್ಟು ವೈರು, ಮೂರು ಪಟ್ಟು ಸ್ವಿಚ್ಚು. ಯಾಕೆ ಎಂದು ಆಗ ಕೇಳಿದ್ದೆ. "ಇರಲಿ, ಒಳ್ಳೇದಕ್ಕೇ" ಎಂದಿದ್ದರು. ಅಷ್ಟೇ.

ಒಂದು ಭಾನುವಾರ ಕಿಡಿ ಏಣಿ ಹತ್ತಿ ಅದೆಲ್ಲವನ್ನೂ ಕಿತ್ತಳು. ಐದು ಲೇತಿಗೆ ಮೂರರಂತೆ ಹದಿನೈದು ಎಲ್‌ಇಡಿ ದೀಪ, ಹದಿನಾರನೆಯದು ಬಾಗಿಲಿಗೆ. ಮಗಳ ಕೆಲಸ ನೋಡಲು ಭಾವನೂ ಬಂದಿದ್ದರು. ಕಿತ್ತ ವೈರು ನೆಲದ ಮೇಲೆ ಮೊಣಕಾಲೆತ್ತರ ಬಿದ್ದಿತ್ತು. ಏಣಿಯ ಮೇಲಿಂದ ಅವಳು ನಗುತ್ತಾ ಅಂದಳು:

"ಏನಪ್ಪ ಇದು, ಒಬ್ಬನ ಊಟಕ್ಕೆ ಮೂರು ಮನೇಲಿ ಅಡುಗೆ ಮಾಡ್ಸಿದ ಹಾಗಿದೆ!"

ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಭಾವ ನಗಲಿಲ್ಲ. ಬಗ್ಗಿ ಒಂದು ವೈರಿನ ತುದಿಯನ್ನು ಎತ್ತಿ, ನೋಡಿ, ಕೆಳಗಿಟ್ಟು ಹೊರಟುಹೋದರು. ಆಮೇಲೆ ನನ್ನ ಶೆಡ್ಡಿನ ಕಡೆ ಮುಖ ಹಾಕಲಿಲ್ಲ. ಮನೆಯಲ್ಲಿ ಮಗಳು ಮಾತಾಡಿಸಿದರೆ ಹ್ಞೂಂ, ಉಹ್ಞೂಂ ಅಷ್ಟೇ. ಕಿಡಿಗೆ ಒಳಗೊಳಗೇ ಚುಚ್ಚುತ್ತಿತ್ತು, ಆದರೆ ಅಪ್ಪನ ಮಗಳಲ್ಲವೇ, ಅವಳೂ ಕೇಳಲಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಬಾಯಿ ಬಿಟ್ಟಿದ್ದರೆ ನಾನು ಇಷ್ಟು ಕಾಗದ ಹಾಳು ಮಾಡುವ ಅಗತ್ಯ ಇರುತ್ತಿರಲಿಲ್ಲ.

ದೀಪಗಳೇನೋ ಬೆಳದಿಂಗಳಿನ ಹಾಗಿದ್ದವು. ಮಧ್ಯಾಹ್ನ ಒಂದರಿಂದ ಎರಡರವರೆಗೆ, ಎಲ್ಲರೂ ಊಟಕ್ಕೆ ಹೋದಾಗ, ತಾವಾಗಿಯೇ ಎಂಟರಲ್ಲಿ ಒಂದು ಪಾಲಿಗೆ ಇಳಿಯುವಂತೆ ಅವಳು ಮಾಡಿದ್ದಳು. ನೋಡಿದವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಸುದ್ದಿ ಬಾಯಿಂದ ಬಾಯಿಗೆ ಹೋಗಿ ಒಂದು ತರಬೇತಿ ಶಾಲೆಗೆ ಮುಟ್ಟಿತು. ಅಲ್ಲಿ ಒಂದೇ ಹಾಲಿನಲ್ಲಿ ನಲವತ್ತು ಲೇತು, ಕೆಲಸ ಕಲಿಯುವ ನೂರಿಪ್ಪತ್ತು ಹುಡುಗ ಹುಡುಗಿಯರು. ಶಾಲೆಯ ಹಿರಿಯ ಮೇಷ್ಟ್ರು ಕಿಡಿಗೆ ಫೋನು ಮಾಡಿ, ನಿಮ್ಮ ಮಾವನ ಶೆಡ್ಡಿಗೇ ಬಂದು ನೋಡುತ್ತೇನೆ, ಸರಿ ಕಂಡರೆ ನಮ್ಮ ಹಾಲಿಗೂ ಹಾಕಿಸೋಣ ಎಂದರು. ಕಿಡಿ ಮಾರನೆಯ ದಿನವೇ ಲಿಫ್ಟ್ ಅಂಗಡಿಯ ಕೆಲಸ ಬಿಟ್ಟಳು. ಸ್ವಲ್ಪ ತಡಿಯೇ ಎಂದೆ. "ಹದಿನೆಂಟು ವರ್ಷ ತಡೆದಿದೀನಿ ಮಾವ" ಎಂದಳು. ಆ ಮುಖದಲ್ಲಿ ಅಂಥ ಬೆಳಕನ್ನು ನಾನು ಅವಳ ಮದುವೆಯ ದಿನವೂ ನೋಡಿರಲಿಲ್ಲ.

ಮೇಷ್ಟ್ರು ಬರಲು ಒಂಬತ್ತು ದಿನ ಇರುವಾಗ ಅದು ನಡೆಯಿತು. ಬುಧವಾರ ಮಧ್ಯಾಹ್ನ. ಎಲ್ಲರೂ ಡಬ್ಬಿ ಹಿಡಿದು ಹಿತ್ತಲಿಗೆ ಹೋಗಿದ್ದರು. ಅಲ್ಯೂಮಿನಿಯಂ ಪಿನ್ನುಗಳ ಕೆಲಸ, ಇನ್ನೊಂದು ಮುಗಿಸಿ ಹೋಗೋಣ ಎಂದು ನಾನು ನಿಂತೆ. ಮೂಲೆಯಲ್ಲಿ ಗಾಳಿಯ ಕಂಪ್ರೆಸರ್ ಗೊರ್ರೆನ್ನುತ್ತಿತ್ತು. ನನ್ನ ಕಿವಿಯೂ ನಲವತ್ತು ವರ್ಷದಲ್ಲಿ ಅರ್ಧ ಮುಚ್ಚಿದೆ. ಒಂದು ಗಂಟೆಗೆ ದೀಪಗಳು ಇಳಿದವು. ಪಿನ್ನು ಮುಗಿಯಿತು, ನಿಲ್ಲಿಸುವ ಹಿಡಿಯನ್ನು ಎಳೆದೆ. ಎಳೆದೆ ಎಂದುಕೊಂಡೆ. ಅದು ಪೂರ್ತಿ ಇಳಿದಿರಲಿಲ್ಲ.

ಚಕ್ ನಿಂತಿತ್ತು. ಮೂರು ದವಡೆಗಳೂ ನನ್ನ ಕಣ್ಣೆದುರು ಅಲುಗಾಡದೆ ನಿಂತಿದ್ದವು. ಅದರ ಬುಡದಲ್ಲಿ ಲೋಹದ ಸುರುಳಿ ಸಿಕ್ಕಿಕೊಂಡಿರಬಹುದೆಂದು ಒರೆಸುವ ಬಟ್ಟೆ ಹಿಡಿದು ಕೈ ಚಾಚಿದೆ. ಬಟ್ಟೆ ಕೈಯಿಂದ ಹಾರಿಹೋಯಿತು. ಯಾರೋ ಬಾರುಕೋಲಿನಿಂದ ಹೊಡೆದ ಹಾಗೆ ಬೆರಳಿಗೆ ಬಡಿಯಿತು. ನಾನು ಹಿಂದಕ್ಕೆ ಬಿದ್ದು, ಎದ್ದು, ಕೆಂಪು ಗುಂಡಿ ಒತ್ತಿದೆ. ಆಗ ನೋಡಿದೆನಲ್ಲ, ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ: ನಿಂತಿದ್ದ ಚಕ್ ಮೆಲ್ಲಗೆ ಹಿಂದಕ್ಕೆ ತಿರುಗಲು ಶುರುಮಾಡಿದಂತೆ ಕಂಡು, ಆಮೇಲೆ ಮುಂದಕ್ಕೆ ತಿರುಗಿದಂತೆ ಕಂಡು, ಕೊನೆಗೆ ನಿಜವಾಗಿ ನಿಂತಿತು.

ಅದು ನಿಮಿಷಕ್ಕೆ ಎರಡು ಸಾವಿರ ಸುತ್ತು ತಿರುಗುತ್ತಿತ್ತು.

ಉಗುರೊಂದು ಹರಿದಿತ್ತು, ಗೆಣ್ಣು ಊದಿತ್ತು. ಅಷ್ಟೇ. ಬಟ್ಟೆಯ ಬದಲು ಬರಿಗೈ ಹೋಗಿದ್ದರೆ ಈ ಬರಹವನ್ನು ಎಡಗೈಯಲ್ಲಿ ಬರೆಯಬೇಕಿತ್ತು. ಲೇತನ್ನು ಮತ್ತೆ ಓಡಿಸಿ ನೋಡಿದೆ. ಮಂದ ಬೆಳಕಿನಲ್ಲಿ ಚಕ್ ನಿಂತ ಹಾಗೆ ಕಂಡಿತು. ಬಾಗಿಲು ತೆರೆದು ಬಿಸಿಲು ಬಿಟ್ಟೆ, ದವಡೆಗಳು ಮಾಯವಾಗಿ ಬರೀ ಮಬ್ಬು ಸುತ್ತು ಕಂಡಿತು. ತಪ್ಪು ದೀಪದ್ದು. ದೀಪ ಸೆಕೆಂಡಿಗೆ ನೂರು ಸಲ ಮಿಟುಕುವಾಗ, ಪ್ರತಿ ಸಲ ಹೊತ್ತಿದಾಗಲೂ ಒಂದು ದವಡೆ ಇದ್ದ ಜಾಗಕ್ಕೆ ಸರಿಯಾಗಿ ಇನ್ನೊಂದು ಬಂದು ನಿಂತಿರುತ್ತಿತ್ತು. ಕಣ್ಣು ಮೋಸ ಹೋಗದೆ ಇನ್ನೇನು ಮಾಡೀತು?

ಆ ಕ್ಷಣವೇ ಕಿಡಿಗೆ ಫೋನು ಮಾಡಿ ಹೇಳಬೇಕಿತ್ತು. ಫೋನು ಮಾಡಿದೆ. ಹೇಳಲಿಲ್ಲ.

"ಮಧ್ಯಾಹ್ನ ದೀಪ ಮಂದ ಆಗೋದು ಬೇಡಮ್ಮ, ತೆಗೆದುಬಿಡು. ಊಟ ಆದ್ಮೇಲೆ ಪೇಪರ್ ಓದೋಕಾಗಲ್ಲ."

"ನೀನು ಯಾವಾಗಿಂದ ಮಾವ ಪೇಪರ್ ಓದೋದು?"

"ವಧು ಬೇಕಾಗಿದೆ ಜಾಹೀರಾತು ನೋಡ್ತೀನಿ ಕಣೆ."

"ಅರವತ್ತೆರಡಕ್ಕೆ! ಶುಭವಾಗಲಿ" ಎಂದು ಅವಳು ನಗುತ್ತಾ ಮನೆಯಿಂದಲೇ ನಿಮಿಷದಲ್ಲಿ ತೆಗೆದುಹಾಕಿದಳು. ಹರಿದು ಹಿಪ್ಪೆಯಾದ ಬಟ್ಟೆಯನ್ನು ನಾನು ಡ್ರಾಯರಿನ ತಳಕ್ಕೆ ತುರುಕಿದೆ. ಗೆಣ್ಣಿಗೆ ಬಾಗಿಲು ಬಡಿಯಿತು ಎಂದು ಕೆಲಸದವರಿಗೆ ಹೇಳಿದೆ.

ನನ್ನ ಲೆಕ್ಕಾಚಾರ ಇಷ್ಟೇ. ಅವಳು ಕೆಲಸ ಬಿಟ್ಟಾಗಿದೆ. ಮೇಷ್ಟ್ರು ಬಂದು ಹ್ಞೂಂ ಅಂದುಬಿಡಲಿ, ಆಮೇಲೆ ಮೆಲ್ಲಗೆ ಹೇಳಿದರಾಯಿತು, ಅವಳು ಹೇಗಾದರೂ ಸರಿ ಮಾಡುತ್ತಾಳೆ. ಶಾಲೆಯ ನೂರಿಪ್ಪತ್ತು ಮಕ್ಕಳ ಕೈಗಳು ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂದವು. ನಾನೇ ಪಕ್ಕಕ್ಕೆ ತಳ್ಳಿದೆ. ಪ್ರೀತಿಯಿಂದ ಮಾಡಿದೆ ಎಂದು ಹೇಳಿಕೊಳ್ಳಬಹುದು, ಪ್ರೀತಿಯಿಂದಲೇ ಮಾಡಿದೆ. ಆದರೂ ಅದು ಹೇಡಿಯ ಕೆಲಸ.

ಮೇಷ್ಟ್ರು ಬಂದದ್ದು ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ. ಎತ್ತರದ ಮನುಷ್ಯ, ಜೇಬಿನಲ್ಲಿ ನೋಟ್‌ಬುಕ್ಕು. ನಾನು ಐದೂ ಲೇತುಗಳ ವೇಗವನ್ನು ಮೊದಲೇ ತಗ್ಗಿಸಿಟ್ಟಿದ್ದೆ, ನಿಧಾನಕ್ಕೆ ತಿರುಗಿದರೆ ಮೋಸ ಕಾಣುವುದಿಲ್ಲವೆಂದು. ಅವರ ಹಿಂದೆಯೇ ಬಾಗಿಲಲ್ಲಿ ಇನ್ನೊಬ್ಬರು ಕಾಣಿಸಿಕೊಂಡರು. ಭಾವ! ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಮಗಳ ದಿನವೆಂದು ಮುನಿಸು ನುಂಗಿಕೊಂಡು ಬಂದಿದ್ದರು. ಕಿಡಿಯ ಕಣ್ಣು ತುಂಬಿದ್ದನ್ನು ನಾನು ನೋಡಿದೆ.

ಅವಳು ಎಲ್ಲವನ್ನೂ ಚೆನ್ನಾಗಿಯೇ ತೋರಿಸಿದಳು. ಬೋರ್ಡಿನ ಪೆಟ್ಟಿಗೆ ತೆರೆದು ಹದಿನಾರು ದಾರಿಗಳನ್ನು ವಿವರಿಸಿದಳು. ಮೇಷ್ಟ್ರು ಕೇಳಿದರು, "ಮಂದ ಮಾಡಿ ತೋರಿಸ್ತೀರಾ?" ಅವಳು ಫೋನಿನ ಮೇಲೆ ಬೆರಳೆಳೆದಳು. ದೀಪಗಳು ಬಾಗಿಲಿನಿಂದ ಹಿತ್ತಲಿನವರೆಗೆ ಒಂದರ ಹಿಂದೊಂದು ತಗ್ಗಿದವು. "ಭೇಷ್" ಎಂದರು ಮೇಷ್ಟ್ರು.

ಭಾವ ನನ್ನ ಮೇಜಿನ ಮೇಲಿದ್ದ ಒಂದಡಿಯ ಸ್ಟೀಲ್ ಪಟ್ಟಿಯನ್ನು ಕೈಗೆತ್ತಿಕೊಂಡರು. ನೊಣ ಓಡಿಸುವ ಹಾಗೆ ಮುಖದ ಮುಂದೆ ಸರಸರ ಬೀಸಿದರು. ನಿಲ್ಲಿಸಿದರು. ಇನ್ನೊಮ್ಮೆ ಬೀಸಿದರು. ಅಲ್ಲಿಂದಲೇ ನನಗೂ ಕಂಡಿತು: ಬೀಸುವ ಪಟ್ಟಿ ಮಬ್ಬಾಗುವ ಬದಲು ಬೀಸಣಿಗೆಯ ಕಡ್ಡಿಗಳ ಹಾಗೆ ಆರೇಳು ಪಟ್ಟಿಗಳಾಗಿ ಬಿಡಿಬಿಡಿಯಾಗಿ ನಿಂತಿತ್ತು. ಭಾವ ಪಟ್ಟಿಯನ್ನು ಸದ್ದಾಗದಂತೆ ಕೆಳಗಿಟ್ಟರು. ನನ್ನ ಊದಿದ ಗೆಣ್ಣಿನ ಮೇಲೆ ಅವರ ಕಣ್ಣು ಬಿತ್ತು. ಹತ್ತಿರ ಬಂದು ಪಿಸುಗುಟ್ಟಿದರು:

"ಗೊತ್ತಿತ್ತಾ ನಿಂಗೆ?"

"ಒಂಬತ್ತು ದಿನದಿಂದ."

"ಅವಳಿಗೆ ಹೇಳ್ಲಿಲ್ಲ?"

"ನೀವು ಈಗ ಹೇಳ್ತೀರಾ ಭಾವ?"

ಅವರು ಮಗಳ ಕಡೆ ನೋಡಿದರು. ಅವಳು ಮೇಷ್ಟ್ರ ನೋಟ್‌ಬುಕ್ಕಿನಲ್ಲಿ ಏನೋ ಚಿತ್ರ ಬರೆದು ತೋರಿಸುತ್ತಿದ್ದಳು, ಮುಖ ಅರಳಿತ್ತು. ಭಾವ ನನ್ನ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತುಕೊಂಡರು. ಎರಡು ಮುದಿ ತಲೆಗಳು, ಒಂದೇ ಹೇಡಿತನ.

ಆದರೆ ಕಿಡಿ ಅಪ್ಪನನ್ನು ನೋಡಿದ್ದಳು. ಕಾರಣವಿಲ್ಲದೆ ಕೈ ಎತ್ತುವ ಮನುಷ್ಯನಲ್ಲ ಅವರು ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಾತು ಅರ್ಧಕ್ಕೆ ಬಿಟ್ಟು ನೇರ ಬಂದಳು, ಪಟ್ಟಿ ಎತ್ತಿಕೊಂಡಳು, ಬೀಸಿದಳು. ಒಮ್ಮೆ. ಮತ್ತೊಮ್ಮೆ. ನಾನು ಕೆಲಸ ಮಾಡುವ ಮೂರನೇ ಲೇತಿನ ಹತ್ತಿರ ಹೋಗಿ ನಾನು ತಗ್ಗಿಸಿಟ್ಟಿದ್ದ ವೇಗದ ಹಿಡಿಯನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮಾವ, ಮಧ್ಯಾಹ್ನ ದೀಪ ಮಂದ ಆಗೋದನ್ನ ಯಾಕೆ ತೆಗೆಸಿದೆ?"

ಪೇಪರಿನ ಸುಳ್ಳು ನಾಲಿಗೆಯ ತುದಿಗೆ ಬಂತು, ಹೊರಗೆ ಬರಲಿಲ್ಲ. ಡ್ರಾಯರು ಎಳೆದು ಬಟ್ಟೆ ತೆಗೆದು ಅವಳ ಕೈಗಿಟ್ಟೆ. ಹಗ್ಗದಂತೆ ಹೊಸೆದುಹೋಗಿ, ಒಂದು ತುದಿಯಲ್ಲಿ ರಕ್ತದ ಕಲೆ ಒಣಗಿತ್ತು. ಅವಳು ಅದನ್ನು ನೋಡಿದಳು. ನನ್ನ ಬಲಗೈಯನ್ನು ಎಳೆದುಕೊಂಡು ನೋಡಿದಳು.

ಫೋನು ತೆಗೆದು ಹದಿನಾರೂ ದೀಪವನ್ನು ಪೂರ್ತಿ ಬೆಳಕಿಗೆ ತಂದು, ಮೇಷ್ಟ್ರ ಮುಂದೆ ನಿಂತಳು.

"ಸರ್, ಈ ಬೋರ್ಡ್ ತಗೋಬೇಡಿ. ಮಂದ ಮಾಡಿದಾಗ ತಿರುಗೋ ಚಕ್ ನಿಂತ ಹಾಗೆ ಕಾಣುತ್ತೆ. ನಮ್ಮ ಮಾವನ ಕೈ ಹೋಗ್ತಿತ್ತು. ನಿಮ್ಮ ಮಕ್ಕಳು ಇನ್ನೂ ಕಲಿಯೋರು."

ಮೇಷ್ಟ್ರು ಬಟ್ಟೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ನೋಟ್‌ಬುಕ್ಕು ಮುಚ್ಚಿ, "ಹೇಳಿದ್ದು ಒಳ್ಳೇದಾಯ್ತಮ್ಮ" ಎಂದು ಬಟ್ಟೆಯನ್ನು ವಾಪಸು ಕೊಟ್ಟು ಹೊರಟರು. ಮತ್ತೆ ಬರುತ್ತೇನೆ ಎಂದು ಹೇಳಲಿಲ್ಲ.

ಅವರ ಗಾಡಿಯ ಸದ್ದು ಅಡಗಿದ ಮೇಲೆ ಕಿಡಿ ಸಿಡಿದಳು. ಆ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ.

"ಬೋರ್ಡಾದ್ರೂ ಎಲ್ಲಿ ನೋವು ಅಂತ ಕರಿ ಮಾಡಿ ತೋರಿಸುತ್ತೆ. ನೀನು ಡ್ರಾಯರಲ್ಲಿ ಬಚ್ಚಿಟ್ಟೆ! ನಂಗೆ ಬೇಜಾರಾಗುತ್ತೆ ಅಂತಾನಾ? ಬೋರ್ಡ್ ಹಾಳಾದ್ರೆ ಇನ್ನೊಂದು ಮಾಡ್ತೀನಿ, ಹತ್ತು ಮಾಡ್ತೀನಿ. ನಿನ್ನ ಬೆರಳು ಎಲ್ಲಿಂದ ತರ್ಲಿ ಮಾವ? ಹೇಳು, ಎಲ್ಲಿಂದ ತರ್ಲಿ?"

ಕೊನೆಯ ಮಾತು ಅಳುವಿನಲ್ಲಿ ಮುಳುಗಿತು. ನಲವತ್ತೊಂದು ವರ್ಷದ ಹೆಂಗಸು ನನ್ನ ಎಣ್ಣೆ ಮೆತ್ತಿದ ಅಂಗಿಗೆ ಮುಖ ಒತ್ತಿ ಅತ್ತಳು. ನನಗೂ ತಡೆಯಲಾಗಲಿಲ್ಲ. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಅಪ್ಪನ ಎದುರು ಸ್ಟೂಲು ಎಳೆದು ಕೂತಳು.

"ಅಪ್ಪ, ಮೂರು ಟ್ಯೂಬಿಗೆ ಮೂರು ಫೇಸ್ ಯಾಕೆ ಕಟ್ಟಿದ್ದೆ?"

ಇಪ್ಪತ್ತೆಂಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಕೂತು ಕೇಳಿದವಳು ಅವಳೊಬ್ಬಳೇ. ನಾನು ನಿಂತು ಕೇಳಿದ್ದೆ, ಪೂರ್ತಿ ಉತ್ತರಕ್ಕೆ ಕಾಯದೆ. ಭಾವ ಹೇಳಿದರು: "ಟ್ಯೂಬ್‌ಲೈಟೂ ಮಿಟುಕುತ್ತಮ್ಮ, ಸೆಕೆಂಡಿಗೆ ನೂರು ಸಲ. ಒಂದೇ ಫೇಸಾದ್ರೆ ಮೂರೂ ಒಟ್ಟಿಗೇ ಮಿಟುಕುತ್ವೆ." ನಮ್ಮಿಬ್ಬರಿಗೂ ತಮ್ಮ ಜೊತೆ ಚಪ್ಪಾಳೆ ತಟ್ಟಲು ಹೇಳಿದರು. ಮೂವರೂ ಒಟ್ಟಿಗೆ ತಟ್ಟಿದಾಗ ನಡುವೆ ಸದ್ದಿಲ್ಲದ ಹೊತ್ತು ದೊಡ್ಡದಾಗಿತ್ತು. ಆಮೇಲೆ ಸರದಿಯಲ್ಲಿ ತಟ್ಟಿಸಿದರು: ಒಬ್ಬರ ಹಿಂದೊಬ್ಬರು, ಬಿಡುವಿಲ್ಲದೆ. "ಮೂರು ಫೇಸ್ ಅಂದ್ರೆ ಇದು. ಒಂದು ಆರಿದಾಗ ಇನ್ನೊಂದು ಕಾಯ್ತಿರುತ್ತೆ. ಲೇತ್ ಮೇಲೆ ಕತ್ತಲೆ ಬೀಳೋದೇ ಇಲ್ಲ. ನಮ್ಮ ಮೇಸ್ತ್ರಿ ಕಲಿಸಿದ್ದು. ಅವರ ಅಣ್ಣನ ಕೈ ಹೋಗಿತ್ತು."

"ಅವತ್ತು ಕೀಳುವಾಗ ಯಾಕೆ ಹೇಳ್ಲಿಲ್ಲ?"

ಭಾವ ತಲೆ ತಗ್ಗಿಸಿದರು. "ನೀನು ನಕ್ಕೆ" ಎಂದರು. "ಆಮೇಲೆ, ಹೊಸ ದೀಪ ಹೀಗೂ ಮಿಟುಕುತ್ತೆ ಅಂತ ನಂಗೂ ಗೊತ್ತಿರ್ಲಿಲ್ಲಮ್ಮ. ಗೊತ್ತಿದ್ರೆ ಏಣಿಯಿಂದ ಎಳೆದು ಹಾಕ್ತಿದ್ದೆ."

ನಾಲ್ಕನೆಯ ಬೋರ್ಡಿಗೆ ಐದು ತಿಂಗಳು ಹಿಡಿಯಿತು. ನೆಟ್‌ವರ್ಕ್ ಭಾಗವನ್ನು ಬೋರ್ಡಿನ ಒಂದು ತುದಿಗೂ ದೀಪದ ಭಾಗವನ್ನು ಇನ್ನೊಂದು ತುದಿಗೂ ಒಯ್ದು, ನಡುವೆ ಬೇಲಿ ಹಾಕಿದ ಹಾಗೆ ಜಾಗ ಬಿಟ್ಟಳು. ಆಗ ವೇಗವನ್ನು ಮತ್ತೆ ಮೂರು ಸಾವಿರಕ್ಕೆ ಏರಿಸಲು ಸಾಧ್ಯವಾಯಿತು. ಅಷ್ಟೇ ಸಾಕಿತ್ತೇನೋ. ಸಾಲದೆಂದು, ಹದಿನಾರು ದಾರಿಗಳೂ ಒಟ್ಟಿಗೆ ಮಿಟುಕದೆ ಸರದಿಯಲ್ಲಿ ಮಿಟುಕುವಂತೆ ಮಾಡಿದಳು. ಒಂದೊಂದು ಲೇತಿನ ಮೂರು ದೀಪಕ್ಕೂ ಮೂರು ಸರದಿ, ಅಪ್ಪನ ಟ್ಯೂಬುಗಳ ಹಾಗೆ. ಆ ಐದು ತಿಂಗಳು ಮನೆ ನಡೆದದ್ದು ಅಂಚೆಯವನ ಸಂಬಳದಲ್ಲಿ, ಮತ್ತು ಅವನು ಒಂದು ದಿನವೂ ಮೂಗು ಮುರಿಯಲಿಲ್ಲ ಎನ್ನುವುದನ್ನೂ ಇಲ್ಲಿ ಬರೆದಿಡಬೇಕು.

ಪರೀಕ್ಷೆ ನನ್ನ ಶೆಡ್ಡಿನಲ್ಲೇ, ಮಧ್ಯಾಹ್ನ ಒಂದು ಗಂಟೆಗೆ. ಮೂರನೇ ಲೇತು ಎರಡು ಸಾವಿರ ಸುತ್ತಿನಲ್ಲಿ ಓಡುತ್ತಿತ್ತು. ದೀಪಗಳು ಎಂಟರಲ್ಲಿ ಒಂದು ಪಾಲಿಗೆ ಇಳಿದವು. ಚಕ್ಕಿನ ದವಡೆಗಳು ಎಲ್ಲೂ ಕಾಣಲಿಲ್ಲ, ಬರೀ ಬೂದಿ ಬಣ್ಣದ ಸುತ್ತು. ಅವಳು ಸ್ಟೀಲ್ ಪ​ಟ್ಟಿಯನ್ನು ಅಪ್ಪನ ಕೈಗೆ ಕೊಟ್ಟಳು. ಭಾವ ಬೀಸಿದರು, ಕಣ್ಣು ಕಿರಿದು ಮಾಡಿ ಮತ್ತೆ ಬೀಸಿದರು. ಆಮೇಲೆ ವೇಗ ಏರಿಸಿ, ಇಳಿಸಿ, ಐದೂ ಲೇತುಗಳ ಮುಂದೆ ನಿಂತು ಬೀಸಿದರು. ಮುಗಿಸಲು ಪೂರಾ ಊಟದ ಹೊತ್ತು ತಗೊಂಡರು. ಕೊನೆಗೆ ಪಟ್ಟಿ ಕೆಳಗಿಟ್ಟು, "ಹ್ಞೂಂ" ಎಂದರು.

ತರಬೇತಿ ಶಾಲೆಯಿಂದ ಅವಳಿಗೆ ಕರೆ ಬಂತು, ಆದರೆ ನಲವತ್ತು ಲೇತಿಗಲ್ಲ. ಐದೇ ಲೇತಿಗೆ ಮೊದಲು ಹಾಕಿ, ಒಂದು ವರ್ಷ ನೋಡೋಣ ಎಂದರು ಮೇಷ್ಟ್ರು. ಅವಳು ಐದೂ ಲೇತಿಗೆ ಹಾಕಿ ಬಂದಳು. ಉಳಿದ ದಿನ ಲಿಫ್ಟ್ ಬೋರ್ಡುಗಳನ್ನು ಮನೆಗೇ ತರಿಸಿಕೊಂಡು ರಿಪೇರಿ ಮಾಡುತ್ತಾಳೆ. ಊಟ ಈಗಲೂ ಸ್ಟೂಲಿನ ಮೇಲೆ. ಮೇಜಿನ ಎದುರಿನ ಗೋಡೆಗೆ ನನ್ನ ಹರಿದ ಬಟ್ಟೆಯನ್ನು ಮೊಳೆ ಹೊಡೆದು ತೂಗುಹಾಕಿದ್ದಾಳೆ. ನೋಡಿದಾಗಲೆಲ್ಲ ನನಗೆ ಮುಜುಗರ. ಕೊಟ್ಟುಬಿಡೇ, ಎಸೆಯುತ್ತೇನೆ ಎಂದರೆ, "ಅದು ನಂದು" ಎನ್ನುತ್ತಾಳೆ.

ತಿಂಗಳಿಗೊಮ್ಮೆ ಶೆಡ್ಡಿಗೆ ಬರುತ್ತಾಳೆ. ಮನೆಯಲ್ಲೇ ಕೂತು ನನ್ನ ದೀಪಗಳ ಯೋಗಕ್ಷೇಮವನ್ನೆಲ್ಲ ಫೋನಿನಲ್ಲಿ ನೋಡಬಲ್ಲಳು, ಅದಕ್ಕೆಂದೇ ತಾನೆ ಅಷ್ಟು ಕಷ್ಟಪಟ್ಟು ಆ ಕಿಂಡಿ ಕೂರಿಸಿದ್ದು. ಆದರೂ ಎರಡು ಬಸ್ಸು ಬದಲಿಸಿ ಬರುತ್ತಾಳೆ. ಬಂದವಳು ಬೋರ್ಡಿನ ಪೆಟ್ಟಿಗೆಯನ್ನು ಮೊದಲು ಮುಟ್ಟುವುದಿಲ್ಲ. ಗ್ರೀಸು ಮೆತ್ತಿದ ನನ್ನ ಎರಡೂ ಕೈಗಳನ್ನು ಎಳೆದುಕೊಂಡು, ಕೆಲಸದವರು ನೋಡುತ್ತಿದ್ದರೂ ಲಕ್ಷ್ಯವಿಲ್ಲದೆ, ಬೆರಳುಗಳನ್ನು ಒಂದೊಂದಾಗಿ ಮಡಚುತ್ತಾಳೆ. ಹತ್ತಕ್ಕೆ ಬಂದ ಮೇಲೆಯೇ, "ಹ್ಞಾಂ, ಈಗ ಹೇಳು ಮಾವ, ದೀಪ ಹೇಗಿದೆ?" ಎಂದು ಕೇಳುತ್ತಾಳೆ.